ಬಿಟ್ಟುಕೊಟ್ಟ ಚೆಂಡು

ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮ ಮನೆಗೆ ಹತ್ತಿರದ ಗಾಲ್ಫ್ ಕ್ಲಬ್ಬಿನ ಗೋಡೆಯ ಮೇಲೆ ಉದ್ದನೆಯ ಮರದ ಹಲಗೆಯೊಂದಿದೆ. ಹಳೆಯ ಕಾಲದಿಂದ ಹವ್ಯಾಸಿ ಪಂದ್ಯ ಗೆದ್ದವರ ಹೆಸರುಗಳು ಅದರ ಮೇಲೆ ಬಂಗಾರದ ಬಣ್ಣದಲ್ಲಿವೆ. ನಮ್ಮ ಕಡೆಯ ಹೆಸರು ಒಂದೂ ಇರಲಿಲ್ಲ. ಅಲ್ಲಿ ನನ್ನದು ಬರಬೇಕೆಂಬ ಆಸೆ ಸದಸ್ಯಳಾದ ದಿನವೇ ಹತ್ತಿತು.

ಅನುಮಾನ ನನ್ನ ಕಸುಬಿನಲ್ಲೇ ಇದೆ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವಳು. ರೋಗಿ ಮಲಗಿದ ಅಂದರೂ ಇನ್ನೊಮ್ಮೆ ರೆಪ್ಪೆ ಎತ್ತಿ ನೋಡುತ್ತೇನೆ. ಹಲಗೆಯ ಮೇಲಿನ ಹಳೆಯ ಹೆಸರುಗಳನ್ನೂ ಹಾಗೇ ನೋಡುತ್ತಿದ್ದೆ. ಹವ್ಯಾಸಿ ಎಂದರೆ ದುಡ್ಡಿಗಾಗಿ ಆಡದವನಂತೆ. ಅಂದರೆ ಚೀಲ ಹೊರುವವರು, ಕೋಲು ಮಾಡುವವರು, ಆಟ ನಿಜವಾಗಿ ಬಲ್ಲವರನ್ನೆಲ್ಲ ಆಚೆಗಿಟ್ಟು ದೊಡ್ಡ ಮನುಷ್ಯರು ತಮ್ಮತಮ್ಮಲ್ಲೇ ಗೆದ್ದುಕೊಂಡರು ಎಂದು ನನ್ನ ಗುಮಾನಿ. ಅವರ ಕಾಲದ ಪದ್ಧತಿಯೊಂದು ಈಗಲೂ ಉಂಟು. ಇಬ್ಬರೇ ಎದುರುಬದುರಾಗಿ ಆಡುವ ಪಂದ್ಯದಲ್ಲಿ ಚೆಂಡು ಕುಳಿಯ ಹತ್ತಿರ ನಿಂತರೆ, "ಸಾಕು, ಬಿದ್ದ ಹಾಗೇ" ಎಂದು ಎದುರಾಳಿ ಬಿಟ್ಟುಕೊಡಬಹುದು. ಮತ್ತೆ ಹೊಡೆಯಬೇಕಿಲ್ಲ.

ಕಳೆದ ಬೇಸಿಗೆ ಫೈನಲ್ಲಿನಲ್ಲಿ ನನ್ನೆದುರು ಆಡಿದವರು ಒಬ್ಬ ನಿವೃತ್ತ ಶಿಕ್ಷಕಿ, ಇಲ್ಲಿಯವರೇ. ಮೊದಲ ಕುಳಿಯಿಂದಲೇ ಧಾರಾಳವಾಗಿ ಬಿಟ್ಟುಕೊಡತೊಡಗಿದರು. ನನಗೆ ದಿಗಿಲಾಯಿತು. ಇಡೀ ದಿನ ಬಿಟ್ಟುಕೊಟ್ಟು ನನ್ನ ಕೈಗೆ ಜಡ್ಡು ಹಿಡಿಸಿ, ಕೊನೆಯ ಕುಳಿಯಲ್ಲಿ ತುಟಿ ಪಿಟಕ್ಕೆನ್ನದೆ ನಿಲ್ಲುವ ಹುನ್ನಾರ! ಅವರು ಬಿಟ್ಟುಕೊಟ್ಟದ್ದನ್ನೆಲ್ಲ ನಾನು ಹೊಡೆದು ಬೀಳಿಸುತ್ತಲೇ ಹೋದೆ. ಟ್ರಾಲಿ ಎಳೆಯುತ್ತಿದ್ದ ನನ್ನ ಗಂಡ ಮೈಸೂರಿನವರು; ಅವರಿಗೆ ಮುಜುಗರ.

"ಕೊಟ್ಟಿದ್ದನ್ನ ಸುಮ್ನೆ ತಗೋಬಾರ್ದಾ? ಪಾಪ, ಅವ್ರಿಗೆ ಬೇಜಾರಾಗಲ್ವಾ?"

"ನೀವ್ ಸುಮ್ನಿರ್ರಿ. ಪುಕ್ಕಟ ಕೊಡೋರ ಮ್ಯಾಲೆ ನನಗ ನಂಬ್ಕಿ ಇಲ್ಲ," ಎಂದು ನನ್ನ ಧಾರವಾಡದ ಬಾಯಿ ತೆಗೆದೆ.

ಕೊನೆಯ ಕುಳಿಗೆ ಬಂದಾಗ ಇಬ್ಬರೂ ಸಮ. ಅವರ ಆಟ ಮುಗಿದಿತ್ತು. ನನ್ನ ಚೆಂಡು ಕುಳಿಯಿಂದ ಗೇಣು ದೂರ. ಬಿದ್ದರೆ ನಾನು ಗೆದ್ದೆ. ಈಗ ಬಾಯಿ ಮುಚ್ಚುತ್ತಾರೆ ಎಂದುಕೊಂಡು ಅವರ ಮುಖ ನೋಡಿದೆ.

"ಸಾಕು, ಬಿದ್ದ ಹಾಗೇ," ಎಂದರು.

ಇದರಲ್ಲೂ ಏನೋ ಇದೆ ಅನ್ನಿಸಿತು. ಅವರ ಮೇಲೆ ಒಂದು ಕಣ್ಣಿಟ್ಟೇ ಹೊಡೆದೆ. ಚೆಂಡು ಅಂಚನ್ನು ಸವರಿ ಆಚೆ ಉರುಳಿತು. ನಾಚಿಕೆಯಿಂದ ಭೂಮಿಗಿಳಿದುಹೋದೆ.

"ತಪ್ಪಿತು," ಎಂದೆ.

"ನೀವು ಆಗಲೇ ಗೆದ್ದಾಗಿದೆ. ಬಿಟ್ಟುಕೊಟ್ಟದ್ದನ್ನು ಬೇಡ ಅನ್ನಲು ನಿಯಮದಲ್ಲಿ ಅವಕಾಶವಿಲ್ಲ," ಎಂದು ಅವರು ಕೈ ಕುಲುಕಿದರು. "ನನ್ನ ಮುಖ ಬಿಟ್ಟು ಚೆಂಡು ನೋಡಿದ್ದರೆ ಬೀಳುತ್ತಿತ್ತು."

ಹಲಗೆಯ ಮೇಲೆ ಈಗ ನನ್ನ ಹೆಸರು ಹೊಳೆಯುತ್ತಿದೆ. ಗಂಡ ಅದರ ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದ್ದಾರೆ. ಮೊದಲೆಲ್ಲ ಅಲ್ಲಿ ನಿಂತಾಗ ಮೇಲಿನ ಹಳೆಯ ಹೆಸರುಗಳನ್ನು ಅನುಮಾನದಿಂದ ನೋಡುತ್ತಿದ್ದೆ. ಈಗ ಅದೇ ಅನುಮಾನದ ಕಣ್ಣು ನೇರವಾಗಿ ಕೆಳಗಿನ ಕೊನೆಯ ಹೆಸರಿಗೇ ಹೋಗುತ್ತದೆ.