ಒಳಗಿನ ಚಿಲಕ

ಹಸಿ ತೆಂಗಿನ ಗರಿಯ ವಾಸನೆಯೂ ಆಗಷ್ಟೇ ಬಳಿದ ಡಿಸ್ಟೆಂಪರಿನ ವಾಸನೆಯೂ ಒಟ್ಟಿಗೆ ಬರುವುದು ಅಪರೂಪ. ಕಳೆದ ತಿಂಗಳು ಸಂತೆಬಾಚಹಳ್ಳಿಯಲ್ಲಿ ಸೋದರಮಾವನ ಮನೆಯ ಹೊಸ್ತಿಲು ದಾಟಿದಾಗ ಎರಡೂ ಕೂಡಿ ಬಂದವು. ಹೆಗಲ ಚೀಲ ಇಳಿಸುವುದನ್ನೂ ಮರೆತು ನಿಂತುಬಿಟ್ಟೆ. ನೆನಪನ್ನು ನಾನು ಸಾಕ್ಷಿಯೆಂದು ಒಪ್ಪುವವಳಲ್ಲ. ಅದು ತನಗೆ ಬೇಕಾದಷ್ಟನ್ನೇ ಹೇಳುತ್ತದೆ, ಪಾಟೀಸವಾಲಿಗೆ ನಿಲ್ಲುವುದಿಲ್ಲ. ಆದರೆ ಮೂಗಿನ ಜೊತೆ ವಾದ ಮಾಡಿ ಗೆದ್ದವರನ್ನು ನೀವೂ ಕಂಡಿರಲಾರಿರಿ.

ಅರಕೆರೆಯ ನಮ್ಮ ಮನೆ ಈಗ ಇಲ್ಲ. ಪಾಲಾಗಿ, ಕೆಡವಿ, ಆ ಜಾಗದಲ್ಲಿ ಬೇರೆಯವರ ಕಟ್ಟಡ ಎದ್ದಿದೆ. ಆ ಮನೆಯ ನಡುಮನೆಗೆ ಅಂಟಿಕೊಂಡಿದ್ದ ಚಿಕ್ಕ ಕೋಣೆಯನ್ನು ಎಲ್ಲರೂ ಕೂಸಿನ ಕೋಣೆ ಎನ್ನುತ್ತಿದ್ದರು. ನಾನು ಹೈಸ್ಕೂಲಿಗೆ ಹೋದಮೇಲೂ ಅದು ಕೂಸಿನ ಕೋಣೆಯೇ. ತೊಲೆಯಲ್ಲಿ ತೊಟ್ಟಿಲು ತೂಗುವ ಕೊಂಡಿ, ಗೋಡೆಯಲ್ಲಿ ಅಂಚು ಮಡಚಿದ ಅಕ್ಷರಮಾಲೆ, ಮೂಲೆಯಲ್ಲಿ ರಾಗಿಮೂಟೆಗಳು, ಅವುಗಳ ಮೇಲೆ ಕಿವಿ ಮುರಿದ ಪ್ಲಾಸ್ಟಿಕ್ ಕುದುರೆ. ಬಾಗಿಲಿತ್ತು, ಚಿಲಕವಿರಲಿಲ್ಲ. ರಾಗಿ ತೆಗೆಯಲು ಬರುವವರು, ಕನ್ನಡಿ ನೋಡಲು ಬರುವವರು, ಸುಮ್ಮನೆ ಬರುವವರು, ಎಲ್ಲರೂ ತಮ್ಮ ಜೇಬಿಗೆ ಕೈ ಹಾಕಿದ ಹಾಗೆ ಬಾಗಿಲು ತಳ್ಳುತ್ತಿದ್ದರು.

ನನಗೆ ಹದಿಮೂರಾದ ವರ್ಷ ಮಾವ ಬೈಕಿನ ಹಿಂದೆ ಗರಿಗಳ ಹೊರೆ ಕಟ್ಟಿಕೊಂಡು ಬಂದ. ಮೈನೆರೆದ ಹುಡುಗಿಗೆ ಸೋದರಮಾವ ಹಸಿ ಗರಿಯ ಗುಡ್ಲು ಹಾಕಬೇಕು, ಅವಳು ಅದರಲ್ಲಿ ಕೂರಬೇಕು. ಅದು ನಮ್ಮ ಕಡೆಯ ಪದ್ಧತಿ. ಆ ವರ್ಷವೇ ನಾನು ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆಯಲ್ಲಿ ಗೆದ್ದಿದ್ದೆ. ಎದುರಾಳಿ ಸಿಕ್ಕರೆ ಸಾಕು ಎಂಬ ಕಾಲ.

“ಮಾವ, ಈ ಗುಡ್ಲು ಮೂರು ದಿನಕ್ಕೆ ಒಣಗೋಯ್ತದೆ. ಒಣಗದೆ ಇರೋ ಗುಡ್ಲು ಆಕ್ಕೊಡು. ಈ ಕೋಣೇನ ನನ್ ಕೋಣೆ ಮಾಡ್ಕೊಡು.”

ಅಪ್ಪನ ಅಮ್ಮ, ನಮ್ಮಜ್ಜಿ, ಮೊರ ಕೆಳಗಿಟ್ಟಳು. “ನೋಡಪ್ಪ ನಿನ್ ಸೋದರಸೊಸೇನ. ಬಾಯಿ ನೋಡು, ಸಂತೇಲಿ ಎತ್ತು ಮಾರೋನ್ ಬಾಯಿ.”

ಮಾವ ತಲೆ ಕೆರೆದುಕೊಂಡ. “ನಾನು ಬಂದಿರೋದು ಗುಡ್ಲು ಆಕಕ್ಕೆ. ಅಂಗಳದಲ್ಲೇ ಆಕ್ಬೇಕು ಅಂತ ಯಾರೂ ಯೋಳಿಲ್ಲ ಬುಡವ್ವ.”

ನನಗಿಂತ ಒಳ್ಳೆಯ ವಾದ ಅದು. ಮೂಟೆಗಳು ಅಟ್ಟ ಹತ್ತಿದವು. ಮಲಗಲು ಮಂಚ ಬಂತು, ಹಳೆಯ ಮಂಚದ ಹಲಗೆ ಓದುವ ಮೇಜಾಯಿತು. ಗೋಡೆಗೆ ಗುಲಾಬಿ ಬಣ್ಣ ಎಂದ ಅಮ್ಮನನ್ನು ಸೋಲಿಸಿ ಬಿಳಿ ಬಳಿಸಿದೆ. ಕೊಂಡಿ ಕೀಳುವುದಕ್ಕೆ ಮಾತ್ರ ಅಜ್ಜಿ ಬಿಡಲಿಲ್ಲ. ಮಾವ ಅದಕ್ಕೇ ವೈರು ಸುತ್ತಿ, ಬಲ್ಬು ಮೇಜಿನ ಮೇಲೆ ನೇರ ಇಳಿಯುವ ಹಾಗೆ ಕಟ್ಟಿದ. ಅಜ್ಜಿಯ ಸಮಾಧಾನಕ್ಕೆ ಬಾಗಿಲ ಎರಡು ಕಡೆಯೂ ಗರಿ ನಿಲ್ಲಿಸಿದ. ಕಡೆಗೆ ಹಿತ್ತಾಳೆಯ ಚಿಲಕ ತಂದು ನಾಲ್ಕು ಸ್ಕ್ರೂ ಹಾಕಿ ಬಿಗಿದು, ಬೆವರು ಒರೆಸಿಕೊಂಡು ನಿಂತ. ಚಿಲಕ ಬಾಗಿಲ ಹೊರಗಿತ್ತು.

“ಮಾವ, ಒಳಗಿರೋಳು ನಾನು. ಚಿಲಕ ಈಚೆಗೈತೆ. ಇದನ್ನ ಜೈಲು ಅಂತಾರೆ.”

ಅವನು ಬಾಗಿಲನ್ನೇ ನೋಡಿದ. “ಅಯ್ಯೋ ನನ್ ಬುದ್ಧಿಗಿಷ್ಟು. ಜಲ್ಮವೆಲ್ಲ ಕೊಟ್ಟಿಗೆಗೇ ಚಿಲ್ಕ ಆಕ್ದೋನು ಕಣವ್ವ. ದನ ಯಾವತ್ತೂ ಒಳಗಿಂದ ಆಕ್ಕತೀನಿ ಅಂದಿಲ್ಲ.”

ಚಿಲಕ ಒಳಗೆ ಹೋಯಿತು, ಹೊರಗೆ ನಾಲ್ಕು ತೂತು ಉಳಿದವು. ಅಜ್ಜಿಗೆ ಅದು ಹಿಡಿಸಲಿಲ್ಲ. “ಒಳಗೆ ತಲೆ ಸುತ್ತಿ ಬಿದ್ರೆ ಯಾರ್ಲಾ ಬಾಗ್ಲು ತಗಿಯೋರು?” ಎಂದು ಮಾವನನ್ನು ಗದರಿದಳು.

ಒಂದು ವಾರ ಅವಳು ಆ ಕಡೆ ಸುಳಿಯಲಿಲ್ಲ. ಆಮೇಲೊಂದು ಮಧ್ಯಾಹ್ನ ಬಾಗಿಲ ಮೇಲೆ ಬೆರಳು ಬಡಿದ ಸದ್ದಾಯಿತು. “ಒಳಿಕ್ಕೆ ಬರ್ಲೇನವ್ವಾ?” ಆ ಮನೆಯಲ್ಲಿ ಯಾರಾದರೂ ಯಾರನ್ನಾದರೂ ಹಾಗೆ ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಬಂದು ಮಂಚದ ತುದಿಯಲ್ಲಿ ಕೂತು ಸುತ್ತ ನೋಡಿದಳು. ಮತ್ತೆ ಮೆಲ್ಲಗೆ, “ವಸಿ ಒತ್ತು ಚಿಲ್ಕ ಆಕು” ಎಂದಳು. ಸ್ವಲ್ಪ ಹೊತ್ತು ತಾನೆ ಎಂದು ಹಾಕಿದೆ. ಅವಳು ತುರುಬು ಬಿಚ್ಚಿ, ಕಾಲು ನೀಡಿ, ಗೋಡೆಯ ಕಡೆ ತಿರುಗಿ ಮಲಗಿದಳು. ಹೊರಗೆ ಯಾರೋ “ಅವ್ವಾ, ಎಲ್ಲಿದ್ದೀಯೆ?” ಎಂದು ಕೂಗಿದರು. ಯಾರು ಕೂಗಿದರೂ ಎದ್ದು ಹೋಗುತ್ತಿದ್ದ ಅಜ್ಜಿ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿ ನಕ್ಕಳು, ಓಗೊಡಲಿಲ್ಲ. ಆಮೇಲೂ ಎಷ್ಟೋ ಮಧ್ಯಾಹ್ನ ಹಾಗೇ ಬಂದು ಮಲಗುತ್ತಿದ್ದಳು. ಅವಳಿರುವವರೆಗೂ ಆ ಮಧ್ಯಾಹ್ನಗಳನ್ನು ನಾವಿಬ್ಬರೂ ಯಾರಿಗೂ ಹೇಳಲಿಲ್ಲ.

ಮನೆ ಕೆಡಹುವ ದಿನ ನಾನು ಬೇಡಿ ತಂದದ್ದು ಆ ಚಿಲಕ ಒಂದನ್ನೇ. ಕಳೆದ ತಿಂಗಳು ನನ್ನ ಚೀಲದಲ್ಲಿದ್ದುದೂ ಅದೇ. ಮಾವನ ಮಗಳು ಚಂದನಳಿಗೆ ಈಗ ಹದಿಮೂರು. ಅವಳ ಸೋದರಮಾವ ಹಿಂದಿನ ದಿನ ಬಂದು ಅವಳ ಕೋಣೆಯ ಬಾಗಿಲಿಗೇ ಗರಿ ಕಟ್ಟಿ ಹೋಗಿದ್ದ. ನಮ್ಮ ನೆಂಟರಲ್ಲಿ ಈಗ ಹಾಗೇ ಮಾಡುತ್ತಾರೆ, ಯಾರು ಶುರು ಮಾಡಿದ್ದೆಂದು ಯಾರೂ ಕೇಳುವುದಿಲ್ಲ. ಗೊಂಬೆಗಳು ಅಟ್ಟ ಹತ್ತಿದ್ದವು, ಮೇಜು ಬಂದಿತ್ತು, ಗೋಡೆ ಅವಳೇ ಆರಿಸಿದ ಕಡುನೀಲಿ. ನಾನು ಚೀಲದಿಂದ ಚಿಲಕ ಹೊರತೆಗೆದಾಗ ಮಾವನ ಮುಖ ಇಳಿಯಿತು.

“ಅದೊಂದ್ ಬ್ಯಾಡ ಕಣವ್ವ. ಕೈಲಿ ಫೋನ್ ಐತೆ. ಒಳಗೆ ಏನ್ ಮಾಡ್ತಾವ್ಳೆ ಅಂತ ಯಾರಿಗ್ ಗೊತ್ತಾದದು?”

“ನನಗೆ ನೀನೇ ಆಕ್ಕೊಟ್ಟೆ.”

“ನಿಂಗೆ ನಾನು ಮಾವ. ಇವಳಿಗೆ ಅಪ್ಪ.”

ಚಂದನ ಗೋಡೆಗೆ ಒರಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಮೂರು ಅಂಶ ಜೋಡಿಸಿಕೊಂಡು ಬಂದಿದ್ದೆ. ಅವನ್ನು ಬದಿಗಿಟ್ಟೆ. ಬದಲಿಗೆ ಅಜ್ಜಿಯ ಮಧ್ಯಾಹ್ನಗಳನ್ನು ಹೇಳಿದೆ, ಮೊದಲ ಸಲ.

ಮಾವ ಚಿಲಕವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. “ನಿಮ್ಮಜ್ಜಿಯಾ? ಆಯಮ್ಮ ಅಗಲೊತ್ತಲ್ಲಿ ಕುಂತಿದ್ದನ್ನೇ ನಾನು ನೋಡಿಲ್ಲ” ಎಂದ. ಆಮೇಲೆ, “ಸ್ಕ್ರೂಡ್ರೈವರ್ ತತ್ತಾ” ಎಂದು ಮಗಳಿಗೆ ಹೇಳಿದ.

ಈ ಸಲ ಅವನು ತಪ್ಪಲಿಲ್ಲ. ಬಾಗಿಲ ಒಳಬದಿಗೇ ಹಿಡಿದು ಬಿಗಿದ. ಚಂದನ ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಮುಚ್ಚಿದಳು. ಹಿತ್ತಾಳೆ ಸರಿದ ಸದ್ದು, ಅರಕೆರೆಯಲ್ಲಿ ಕೇಳುತ್ತಿದ್ದ ಅದೇ ಸದ್ದು, ಈಗ ಹೊರಗಿನಿಂದ ಕೇಳಿಸಿತು. ಮಾವ ಬೆರಳು ಮಡಚಿ ಬಾಗಿಲು ಬಡಿದ.

“ಒಳಿಕ್ಕೆ ಬರ್ಲೇನವ್ವಾ?”

“ವಸಿ ಒತ್ತು ತಡಿಯಪ್ಪ.”

ಅವನು ನನ್ನ ಮುಖ ನೋಡಿದ, ಗರಿಗಳ ಕೆಳಗೆ ನೆಲದ ಮೇಲೆ ಕೂತ. ನಾನೂ ಪಕ್ಕದಲ್ಲಿ ಕೂತೆ. ಯಾರಿಗೂ ಅವಸರವಿರಲಿಲ್ಲ.