ಬೀಗರ ಕೈಗಿಟ್ಟ ಕೂಲಿ

ಊಲ್ಕನ್‌ಗೆ ಕೂತಲ್ಲಿ ಕೂರುವ ಅಭ್ಯಾಸ ಹುಟ್ಟಿನಿಂದಲೇ ಇಲ್ಲ. ನರಿನ್ ಊರಲ್ಲಿ ಉಣ್ಣೆಗಂಬಳಿಗೆ ಚಿತ್ತಾರ ಬರೆಯುವುದರಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಮೊದಲೆಲ್ಲ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದವಳು ಐವತ್ತು ದಾಟಿದ ಮೇಲೆ ಹಟ ಹಿಡಿದು ಕಂಪ್ಯೂಟರ್ ಕಲಿತಳು. ಆ ಹಾಳು ಕಂಪ್ಯೂಟರೋ, ಒಂದು ಟಗರುಕೊಂಬಿನ ಚಿತ್ತಾರ ತೆರೆಯುವಷ್ಟರಲ್ಲಿ ಇವಳು ಹಸು ಕರೆದು ಬಂದಿರುತ್ತಿದ್ದಳು.

ರಾಜಧಾನಿ ಬಿಷ್ಕೇಕಿನ ವ್ಯಾಪಾರಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಶುಕ್ರವಾರ ಸಂಜೆ ಐದರೊಳಗೆ ನಲವತ್ತು ಚಿತ್ತಾರ ಬರಬೇಕು, ಇಲ್ಲದಿದ್ದರೆ ಇಡೀ ಚಳಿಗಾಲದ ಕೆಲಸ ಬೇರೆ ಊರಿನವರಿಗೆ. ಚಿತ್ತಾರಗಳೇನೋ ಸಿದ್ಧವಿದ್ದವು. ಕಳಿಸಲು ಹೋದಾಗಲೆಲ್ಲ ಯಂತ್ರ ಸತ್ತು ಬೀಳುತ್ತಿತ್ತು. ಅದಕ್ಕೆ ಹೊಸ ಮೆಮೊರಿ ಚಿಪ್ ಕೊಂಡು ತಂದಳು. ಮನೆಗೆ ಬಂದು ಕೂರಿಸಿಕೊಡಲು ಬಜಾರಿನ ಮೆಕ್ಯಾನಿಕ್ ಸಾವಿರ ಸೋಮ್ ಕೇಳಿದ, ಒಪ್ಪಿದಳು. ಅದನ್ನು ಮಗಳು ಬುರುಲ್‌ಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಬುರುಲ್‌ಳ ಮಾವ ಜಪಾರ್ ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟರು. ಸೊಸೆಯ ಕೈಯಿಂದ ಫೋನು ಕಸಿದುಕೊಂಡರು.

"ಏನ್ ಬೀಗ್ತಮ್ಮ, ನಾನಿನ್ನೂ ಬದುಕಿದೀನಿ! ಕಂಡೋರಿಗೆ ದುಡ್ಡು ಸುರೀತೀರಾ? ಶುಕ್ರವಾರ ನಾನೇ ಬರ್ತೀನಿ, ಒಂದು ಪೈಸೆ ಬೇಡ."

ಬೀಗರು ಬಂದರೆ ಬರೀ ಟೀ ಕೊಟ್ಟು ಕಳಿಸಲಾದೀತೇ? ಒಂದು ಕುರಿ ಕಡಿಸಿದಳು. ಶುಕ್ರವಾರ ಹತ್ತು ಗಂಟೆಗೆ ಜಪಾರ್ ಹೆಂಡತಿಯನ್ನೂ ತಮ್ಮನನ್ನೂ ಕಟ್ಟಿಕೊಂಡು ಬಂದಿಳಿದರು. ಟೀ ಆಯಿತು, ಕುದುರೆಹಾಲಿನ ಕುಮಿಸ್ ಆಯಿತು, ಮತ್ತೆ ಟೀ. ಎರಡು ಗಂಟೆಗೆ ಹಿರಿಯ ಅತಿಥಿಗೆ ಮರ್ಯಾದೆಗೆಂದು ಇಡುವ ಬೇಯಿಸಿದ ಕುರಿತಲೆ ಜಪಾರರ ಮುಂದೆ ಬಂತು. ಅವರು ಸಾವಕಾಶವಾಗಿ ಅದರ ಕಿವಿ ಕೊಯ್ಯುತ್ತ, ಸೈನ್ಯದಲ್ಲಿದ್ದಾಗಿನ ಕತೆ ಶುರುಮಾಡಿದರು. ಅಯ್ಯೋ, ಆ ಕತೆಗೆ ಕೊನೆಯೆಂಬುದೇ ಇಲ್ಲ! ಊಲ್ಕನ್ ಒಳಗೆ ಹೋದಳು, ಹೊರಗೆ ಬಂದಳು, ತುಂಬಿದ ಬಟ್ಟಲಿಗೇ ಟೀ ಸುರಿದಳು.

"ಬೀಗ್ರೇ, ಆ ಕಂಪ್ಯೂಟರ್ ಒಂಚೂರು..."

"ಅದೇನು ಓಡಿಹೋಗುತ್ತಾ? ಹೊಟ್ಟೆ ಮೊದಲು!"

"ನಾವು ಬಂದಿದ್ದು ಬೀಗ್ತಮ್ಮಂಗೆ ಭಾರ ಆಗಿರ್ಬೇಕು," ಎಂದು ಜಪಾರರ ಹೆಂಡತಿ ನಕ್ಕಳು.

ನಾಲ್ಕೂಕಾಲು. ಊಲ್ಕನ್ ಎದ್ದು ಒಳಗೆ ಹೋದಳು. ಮೆಕ್ಯಾನಿಕ್‌ಗೆಂದು ಎತ್ತಿಟ್ಟಿದ್ದ ನೋಟನ್ನು ತಂದು ಊಟದ ಹಾಸಿನ ಮೇಲೆ, ಎಲ್ಲರೆದುರು ಇಟ್ಟೇಬಿಟ್ಟಳು.

"ತಗೊಳ್ಳಿ ಬೀಗ್ರೇ ನಿಮ್ಮ ಕೂಲಿ. ಈಗಲಾದ್ರೂ ಕಂಪ್ಯೂಟರ್ ಬಿಚ್ತೀರಾ?"

ಅಗಿಯುತ್ತಿದ್ದವರ ಬಾಯಿ ನಿಂತಿತು. ಜಪಾರ್ ಕೈ ಒರೆಸಿಕೊಂಡರು, ನೋಟು ಮಡಚಿ ಜೇಬಿಗಿಟ್ಟರು, ಎದ್ದರು. ಕೆಲಸ ಹದಿನೈದು ನಿಮಿಷದ್ದು. ಮುಗಿಸಿ, ಬಡಿಸಿದ್ದನ್ನು ಹಾಗೇ ಬಿಟ್ಟು, ಮೂವರೂ ಚಪ್ಪಲಿ ಮೆಟ್ಟಿದರು. ಊಲ್ಕನ್ ತಡೆಯಲೂ ಇಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ನಲವತ್ತೂ ಚಿತ್ತಾರ ಬಿಷ್ಕೇಕಿಗೆ ಹೋಗಿ ಸೇರಿದವು.

ಮರುದಿನ ಮಗಳ ಫೋನು.

"ಕಳಿಸಿದ್ಯಾ ಅಮ್ಮ?"

"ಕಳಿಸ್ದೆ ಕಣೆ. ಚಳಿಗಾಲದ ಕೆಲಸ ನಮ್ಮದೇ!"

"ಒಳ್ಳೇದಾಯ್ತು." ಬುರುಲ್ ದನಿ ತಗ್ಗಿಸಿದಳು. "ಬೆಳಿಗ್ಗೆ ಮಾವಂಗೆ ಟೀ ಕೊಟ್ಟೆ. ಕುಡಿದು ಬಟ್ಟಲು ಕೆಳಗಿಟ್ಟು, ಎಲ್ಲರ ಮುಂದೆ ಕೇಳಿದ್ರು: 'ನಿನ್ನ ಕೂಲಿ ಎಷ್ಟಾಯ್ತಮ್ಮ?'"