ಗುರುವಾರದ ಎರಡು ಗಂಟೆ

ನಾನು ಸರ್ಕಾರಿ ಕಚೇರಿಯ ಖರೀದಿ ಗುಮಾಸ್ತ. ಕುರ್ಚಿ, ಕಾಗದದ ಜೊತೆಗೆ ಈಚೆಗೆ ಜನರ ಫೋನು ಎಲ್ಲೆಲ್ಲಿ ಓಡಾಡಿತೆಂಬ ಪಟ್ಟಿಯನ್ನೂ ಕೊಳ್ಳುತ್ತಿದ್ದೆವು. ಫೋನ್ ಕಂಪನಿಯನ್ನು ಕೇಳಿ ಪಡೆಯಲು ನ್ಯಾಯಾಲಯದ ಅಪ್ಪಣೆ ಬೇಕು. ದಲ್ಲಾಳಿಗೆ ದುಡ್ಡು ಬಿಸಾಕಿ ಕೊಳ್ಳಲು ಯಾರ ಹಂಗೂ ಇಲ್ಲ. "ಕದ್ದಿಲ್ಲ ಕಣೇ, ಕೊಂಡಿದ್ದೀವಿ," ಎಂದು ಹೆಂಡತಿಯೆದುರು ಕೊಚ್ಚಿಕೊಳ್ಳುತ್ತಿದ್ದೆ.

ನಾಚಿಕೆಗೆಟ್ಟವನು, ಒಂದು ದಿನ ಆ ಪಟ್ಟಿಯಲ್ಲಿ ಅವಳ ನಂಬರನ್ನೇ ಹುಡುಕಿದೆ. ಪ್ರತಿ ಗುರುವಾರ ಊರಾಚೆಯ ಒಂದೇ ಮನೆ, ಎರಡೆರಡು ಗಂಟೆ. ಕೆಂಡವಾಗಿ ಮನೆಗೆ ಹೋದೆ.

"ಗುರುವಾರ ಯಾರ ಮನೆಗೆ ಹೋಗ್ತೀಯ? ಸುಳ್ಳು ಹೇಳ್ಬೇಡ, ಪಟ್ಟಿಲಿದೆ."

ಅವಳು ಬಟ್ಟೆಗಳ ಅಡಿಯಿಂದ ಒಂದು ಕಾಪಿ ಪುಸ್ತಕ ತೆಗೆದಳು. ಪುಟದ ತುಂಬ ಸೊಟ್ಟಸೊಟ್ಟ ಅಕ್ಷರದಲ್ಲಿ ನನ್ನ ಹೆಸರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಟೀಚರಮ್ಮನ ಹತ್ರ ಓದು ಬರಹ ಕಲೀತಿದ್ದೆ. ಒಂದಿನ ನಾನೇ ಬರ್ದು ತೋರಿಸೋಣ ಅಂತಿದ್ದೆ," ಎಂದಳು. "ಅದನ್ನೂ ಕೊಂಡ್ಕೊಂಡ್ಬಿಟ್ರಾ?"